ಎಲ್ಲವೂ ಅಂತರ್ಜಾಲದಲ್ಲೇ ಸಿಗುವಾಗ ಎಂಜಿನಿಯರ್ ತಾಂತ್ರಿಕ ಪುಸ್ತಕ ಕೊಳ್ಳಬೇಕೇ?

ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ, ಏನೇ ಸಂಶಯ ಬಂದರೂ ಹುಡುಕಿದ ಕ್ಷಣದಲ್ಲಿ ಉತ್ತರ ಸಿಗುತ್ತದೆ, ಹೀಗಿರುವಾಗ ಎರಡು ಮೂರು ಸಾವಿರ ರೂಪಾಯಿ ಕೊಟ್ಟು ದಪ್ಪ ತಾಂತ್ರಿಕ ಪುಸ್ತಕ ಕೊಳ್ಳುವುದರಲ್ಲಿ ಅರ್ಥವಿದೆಯೇ ಎಂದು ನೀವು ಕೇಳಿದ್ದೀರಿ. ಅದು ಹಳೆಯ ಕಾಲದವರ ಚಟ ಎಂದು ನಿಮ್ಮ ತಂಡದವರು ನಕ್ಕರೆಂದೂ ಬರೆದಿದ್ದೀರಿ. ನಾನು ಬೆಂಗಳೂರಿನಲ್ಲಿ ಸುಮಾರು ಇಪ್ಪತ್ತು ವರ್ಷಗಳಿಂದ ಎಂಬೆಡೆಡ್ ಸಾಧನಗಳ, ಅಂದರೆ ಒಳಗೊಂದು ಪುಟ್ಟ ಕಂಪ್ಯೂಟರ್ ಅಡಗಿರುವ ಯಂತ್ರಗಳ, ವಿನ್ಯಾಸದಲ್ಲಿ ತೊಡಗಿರುವವನು. ನಿಮ್ಮ ತಂಡದವರ ಮಾತು ಹತ್ತರಲ್ಲಿ ಎಂಟು ಪುಸ್ತಕಗಳ ಮಟ್ಟಿಗೆ ನಿಜವೆಂದೇ ನನಗೂ ಅನ್ನಿಸುತ್ತದೆ. ಉಳಿದ ಎರಡರ ವಿಷಯದಲ್ಲಿ ಆ ನಗು ದುಬಾರಿಯಾದೀತು. ಅವು ಎಂಥವು, ಏಕೆ ಎಂಬುದನ್ನು ನಾನೇ ಪೆಟ್ಟು ತಿಂದ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ವಿದ್ಯುತ್ ಮೀಟರ್‌ಗಳ ರೀಡಿಂಗ್ ಸಂಗ್ರಹಿಸಿ ಸರ್ವರ್‌ಗೆ ಕಳುಹಿಸುವ ಒಂದು ಸಣ್ಣ ಪೆಟ್ಟಿಗೆಯನ್ನು ರೂಪಿಸುತ್ತಿದ್ದೆವು. ಪ್ರಯೋಗಾಲಯದಲ್ಲಿ ಪೆಟ್ಟಿಗೆಯೂ ಲಿನಕ್ಸ್ ಸರ್ವರ್ ಕೂಡ ಒಂದೇ ಮೇಜಿನ ಮೇಲೆ ಒಂದೇ ಈಥರ್‌ನೆಟ್ ಸ್ವಿಚ್‌ಗೆ ಜೋಡಿಸಿಕೊಂಡು ಕುಳಿತಿದ್ದವು. ಒಂದು ರೀಡಿಂಗ್ ಹೋಗಿ ಉತ್ತರ ಬರಲು ಒಂದೆರಡು ಮಿಲಿಸೆಕೆಂಡ್ ಸಾಕಾಗಬೇಕಿತ್ತು. ಆದರೆ ಪ್ರತಿ ಬಾರಿಯೂ ಅಳೆದಿಟ್ಟಂತೆ 40 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಸೆಕೆಂಡಿಗೆ ಇಪ್ಪತ್ತೈದು ರೀಡಿಂಗ್‌ಗಳ ಆಚೆಗೆ ಅದು ಜಪ್ಪಯ್ಯ ಎಂದರೂ ಹೋಗಲಿಲ್ಲ. ಅಂತರ್ಜಾಲದಲ್ಲಿ ಹುಡುಕಿದೆವು. ಸಾಕೆಟ್ (ಪ್ರೋಗ್ರಾಂ ಜಾಲಕ್ಕೆ ಸೇರುವ ಕೊಂಡಿ) ತೆರೆದ ಮೇಲೆ ‘ಟಿಸಿಪಿ ನೋ-ಡಿಲೇ’ (ಟಿಸಿಪಿ ಎಂದರೆ ಜಾಲದಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿ, ನೋ-ಡಿಲೇ ಎಂದರೆ ತಡ ಬೇಡ) ಎಂಬ ಆಯ್ಕೆಯನ್ನು ಹೊಂದಿಸಿದರೆ ಸರಿಹೋಗುತ್ತದೆ ಎಂಬ ಉತ್ತರ ಹತ್ತು ನಿಮಿಷದಲ್ಲಿ ಸಿಕ್ಕಿತು. ಒಂದು ಸಾಲಿನ ಬದಲಾವಣೆ. ಮಾಡಿದೆವು, ವಿಳಂಬ ಮಾಯವಾಯಿತು, ಎಲ್ಲರೂ ಕಾಫಿಗೆ ಹೋದೆವು. ಪೆಟ್ಟಿಗೆಗಳು ಊರೂರಿಗೆ ಹೋಗಿ, ಈಥರ್‌ನೆಟ್‌ನ ಬದಲು 2ಜಿ ಸಿಮ್‌ನ ಮೇಲೆ ಕೆಲಸ ಆರಂಭಿಸಿದ ಮೊದಲ ತಿಂಗಳೇ ಡೇಟಾ ಬಳಕೆ ನಮ್ಮ ಅಂದಾಜನ್ನು ಹಲವು ಪಟ್ಟು ಮೀರಿತು.

ಈ ಬಾರಿ ಏನೆಂದು ಹುಡುಕಬೇಕೆಂಬುದೇ ಹೊಳೆಯಲಿಲ್ಲ, ಏಕೆಂದರೆ ಹಿಂದಿನ ಪರಿಹಾರಕ್ಕೂ ಈ ತೊಂದರೆಗೂ ಸಂಬಂಧವಿದೆಯೆಂದು ನಮ್ಮಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಕಡೆಗೆ ಕಪಾಟಿನಲ್ಲಿ ಧೂಳು ಹಿಡಿದಿದ್ದ, ಡಬ್ಲ್ಯು. ರಿಚರ್ಡ್ ಸ್ಟೀವನ್ಸ್ ಅವರ ‘ಟಿಸಿಪಿ/ಐಪಿ ಇಲಸ್ಟ್ರೇಟೆಡ್’ನ ಮೊದಲ ಸಂಪುಟವನ್ನು ತೆಗೆದೆ. ಅದು 1994ರ ಪುಸ್ತಕ. ಸ್ಟೀವನ್ಸ್ 1999ರಲ್ಲೇ ತೀರಿಕೊಂಡರು. ಅದರ 19ನೇ ಅಧ್ಯಾಯದಲ್ಲಿ ಎರಡು ವಿಭಾಗಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊದಲನೆಯದು ತಡವಾದ ಸ್ವೀಕೃತಿಯ ಬಗ್ಗೆ: ದತ್ತಾಂಶ ಪಡೆದ ಯಂತ್ರವು ‘ತಲುಪಿತು’ ಎಂಬ ಮಾತನ್ನು ಕೂಡಲೇ ಹೇಳದೆ, ಹೇಗಿದ್ದರೂ ಉತ್ತರ ಹೋಗಲಿದೆ, ಅದರ ಹೆಗಲೇರಿಸಿ ಕಳುಹಿಸಿದರಾಯಿತು ಎಂದು ಸ್ವಲ್ಪ ಹೊತ್ತು ಕಾಯುತ್ತದೆ. ಎರಡನೆಯದು, ಫೋರ್ಡ್ ಏರೋಸ್ಪೇಸ್‌ನಲ್ಲಿದ್ದ ಜಾನ್ ನೇಗಲ್ 1984ರಲ್ಲಿ ಸೂಚಿಸಿದ ನಿಯಮ: ಹಿಂದೆ ಕಳುಹಿಸಿದ್ದಕ್ಕೆ ಸ್ವೀಕೃತಿ ಬರುವವರೆಗೆ ಮುಂದಿನ ಸಣ್ಣ ತುಣುಕನ್ನು ಕಳುಹಿಸದೆ ತಡೆದಿಟ್ಟುಕೊಳ್ಳಬೇಕು.

ಬಿಡಿಯಾಗಿ ನೋಡಿದರೆ ಎರಡೂ ಸಭ್ಯವಾದ ಏರ್ಪಾಡುಗಳೇ. ನಮ್ಮ ಪ್ರೋಗ್ರಾಂ ಮಾತ್ರ ಸಂದೇಶದ ಶೀರ್ಷಿಕೆಯನ್ನು (ಹೆಡರ್, ಅಂದರೆ ಮುಂದೆ ಬರುವುದರ ವಿವರ ಹೊತ್ತ ಆರಂಭದ ಭಾಗ) ಮೊದಲು ಬರೆದು, ಆಮೇಲೆ ರೀಡಿಂಗ್‌ನ ಅಂಶಗಳನ್ನು ಒಂದೊಂದಾಗಿ ಬರೆದು, ಉತ್ತರಕ್ಕೆ ಕಾಯುತ್ತಿತ್ತು. ಶೀರ್ಷಿಕೆ ಹೋಯಿತು, ಉಳಿದದ್ದನ್ನು ಪೆಟ್ಟಿಗೆಯು ಸ್ವೀಕೃತಿ ಬರಲೆಂದು ತಡೆಯಿತು, ಅರ್ಧ ಸಂದೇಶವಷ್ಟೇ ಸಿಕ್ಕಿದ್ದ ಸರ್ವರ್ ಬಳಿ ಉತ್ತರಿಸಲು ಏನೂ ಇಲ್ಲದ್ದರಿಂದ ಅದು ಸ್ವೀಕೃತಿಯನ್ನು ತಡೆಯಿತು. ಊಟಕ್ಕೆ ಕುಳಿತ ಇಬ್ಬರು ಬೀಗರು ‘ನೀವು ಶುರು ಮಾಡಿ’, ‘ಇಲ್ಲ, ನೀವು’ ಎಂದು ಎಲೆಯ ಮುಂದೆ ಕೈಕಟ್ಟಿ ಕುಳಿತಂತೆ, ಕಾಯುವ ಗಡುವು ಮುಗಿಯುವವರೆಗೆ ಎರಡೂ ಸುಮ್ಮನಿದ್ದವು. ಸ್ಟೀವನ್ಸ್ ವಿವರಿಸಿದ ಯಂತ್ರಗಳಲ್ಲಿ ಆ ಗಡುವು 200 ಮಿಲಿಸೆಕೆಂಡ್. ನಮ್ಮ ಲಿನಕ್ಸ್‌ನಲ್ಲಿ 40. ನಾವು ಮಾಡಿದ ಒಂದು ಸಾಲಿನ ಬದಲಾವಣೆ ನೇಗಲ್ ನಿಯಮವನ್ನೇ ನಿಷ್ಕ್ರಿಯಗೊಳಿಸಿಬಿಟ್ಟಿತ್ತು. ಆಮೇಲೆ ರೀಡಿಂಗ್‌ನ ಪ್ರತಿ ಅಂಶವೂ ತನ್ನದೇ ಪ್ಯಾಕೆಟ್ (ಜಾಲದ ಮೇಲೆ ಹೋಗುವ ದತ್ತಾಂಶದ ಪೊಟ್ಟಣ) ಹೊತ್ತು ಹೊರಟಿತು. ಒಂದೇ ಬೈಟ್ ಕಳುಹಿಸಿದರೂ, ವಿಳಾಸ ನೋಡಿ ಪ್ಯಾಕೆಟ್ ತಲುಪಿಸುವ ಐಪಿಯ 20 ಬೈಟ್ ಶೀರ್ಷಿಕೆ, ಟಿಸಿಪಿಯ 20 ಬೈಟ್ ಶೀರ್ಷಿಕೆ ಸೇರಿ 41 ಬೈಟ್ ಆಗುತ್ತದೆ; ನೇಗಲ್ ತಪ್ಪಿಸಲು ಹೊರಟಿದ್ದೇ ಈ ದುಂದನ್ನು. ಇಡೀ ಸಂದೇಶವನ್ನು ಮೊದಲು ಬಫರ್‌ನಲ್ಲಿ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ, ಜೋಡಿಸಿ ಒಂದೇ ಸಲ ಬರೆಯುವಂತೆ ತಿದ್ದಿದಾಗ ವಿಳಂಬವೂ ಹೋಯಿತು, ಡೇಟಾ ಬಳಕೆಯೂ ಹತೋಟಿಗೆ ಬಂತು, ಆ ಆಯ್ಕೆಯನ್ನು ಹೊಂದಿಸುವ ಅಗತ್ಯವೇ ಉಳಿಯಲಿಲ್ಲ.

ಅಂತರ್ಜಾಲದಲ್ಲಿ ಸಿಕ್ಕ ಉತ್ತರ ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಿ. ಅದು ಬೇರೊಬ್ಬರ ಪರಿಸ್ಥಿತಿಗೆ ಸರಿಯಾದ ಉತ್ತರವಾಗಿತ್ತು. ಯಾವ ಪರಿಸ್ಥಿತಿಗೆ ಎಂಬುದು ಮಾತ್ರ ಉತ್ತರದ ಜೊತೆಗೆ ಬಂದಿರಲಿಲ್ಲ. ಒಳ್ಳೆಯ ತಾಂತ್ರಿಕ ಪುಸ್ತಕಕ್ಕೆ ನಾನು ಹಣ ಕೊಡುವುದು ಈ ಕಾರಣಕ್ಕಾಗಿ. ಅದರಲ್ಲಿ ಒಂದು ಮಾತು ಯಾವ ಊಹೆಗಳ ಮೇಲೆ ನಿಂತಿದೆ ಎಂಬುದು ಹಿಂದಿನ ಪುಟಗಳಲ್ಲೇ ಇರುತ್ತದೆ, ಮತ್ತು ಆ ಊಹೆಗಳು ಪುಸ್ತಕದ ಉದ್ದಕ್ಕೂ ಬದಲಾಗುವುದಿಲ್ಲ. ಸ್ಟೀವನ್ಸ್ ತಮ್ಮ ಪ್ರಯೋಗಗಳಿಗೆ ಬಳಸಿದ ಪುಟ್ಟ ಜಾಲದ ನಕ್ಷೆಯನ್ನು ಮುಖಪುಟದ ಒಳಬದಿಯಲ್ಲೇ ಅಚ್ಚು ಹಾಕಿಸಿ, ಪುಸ್ತಕದುದ್ದಕ್ಕೂ ಅವೇ ಯಂತ್ರಗಳ ನಡುವೆ ನಿಜವಾಗಿ ಓಡಾಡಿದ ಪ್ಯಾಕೆಟ್‌ಗಳನ್ನು ಸೆರೆಹಿಡಿದು ತೋರಿಸುತ್ತಾರೆ. ಅದೇ ವಿಷಯವನ್ನು ಹತ್ತು ಕಡೆಯ ಹತ್ತು ಲೇಖನಗಳಿಂದ ಕಲಿಯಹೊರಟರೆ, ಒಬ್ಬರು ವಿಂಡೋಸ್ ಇಟ್ಟುಕೊಂಡು, ಇನ್ನೊಬ್ಬರು ಲಿನಕ್ಸ್ ಇಟ್ಟುಕೊಂಡು, ಮತ್ತೊಬ್ಬರು ಏನನ್ನು ಇಟ್ಟುಕೊಂಡಿದ್ದಾರೆಂದು ಹೇಳದೆಯೇ ಬರೆದಿರುತ್ತಾರೆ. ಅವುಗಳನ್ನು ಒಂದಕ್ಕೊಂದು ಹೊಲಿಯುವ ಹೊಣೆ ಓದುಗನ ಮೇಲೆ ಬೀಳುತ್ತದೆ, ಹೊಲಿಗೆ ಬಿಚ್ಚುವುದೂ ಅಲ್ಲಿಯೇ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ನೇಗಲ್ ಅವರ 1984ರ ಮೂಲ ಟಿಪ್ಪಣಿ ಅಂತರ್ಜಾಲದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಅಷ್ಟೇ ಅಲ್ಲ, ಅಂತರ್ಜಾಲದ ವೇದಿಕೆಗಳಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಸ್ವತಃ ನೇಗಲ್ ಅವರೇ ಬಂದು, ನಿಜವಾದ ದೋಷ ತಡವಾದ ಸ್ವೀಕೃತಿಯದ್ದು ಎಂದು ವಾದಿಸಿದ್ದಾರೆ. ಇಂಥ ಭಾಗ್ಯವನ್ನು ಯಾವ ಮುದ್ರಿತ ಪುಸ್ತಕವೂ ಕೊಡಲಾರದು. ಆದರೆ ಅವರ ಆ ಮಾತಿನ ತೂಕ ನನಗೆ ತಿಳಿದದ್ದು 19ನೇ ಅಧ್ಯಾಯವನ್ನು ಓದಿದ ಮೇಲೆ. ಇತ್ತೀಚೆಗೆ ಹುಡುಕಾಟದ ಜಾಗಕ್ಕೆ ಬಂದಿರುವ ಚಾಟ್‌ಬಾಟ್‌ಗಳ ವಿಷಯವೂ ಹೆಚ್ಚುಕಡಿಮೆ ಇಷ್ಟೇ: ತಡವಾದ ಸ್ವೀಕೃತಿಯ ಬಗ್ಗೆ ಕೇಳಿದರೆ ಅವು ಚೆನ್ನಾಗಿಯೇ ವಿವರಿಸುತ್ತವೆ, ಆದರೆ ಅಂಥದೊಂದು ಇದೆ ಎಂಬುದು ಕೇಳುವವನಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಉತ್ತರದಲ್ಲಿ ಏನು ತಪ್ಪಿಹೋಗಿದೆ ಎಂಬುದು ಕಾಣುತ್ತದೆ.

ಎಲೆಕ್ಟ್ರಾನಿಕ್ಸ್‌ನವರು ಗೌರವದಿಂದ ಇಟ್ಟುಕೊಳ್ಳುವ, ಹೊರೊವಿಟ್ಜ್ ಮತ್ತು ಹಿಲ್ ಬರೆದ ‘ದಿ ಆರ್ಟ್ ಆಫ್ ಎಲೆಕ್ಟ್ರಾನಿಕ್ಸ್’ ಮೊದಲು ಬಂದದ್ದು 1980ರಲ್ಲಿ. ಎರಡನೆಯ ಆವೃತ್ತಿ 1989ರಲ್ಲಿ, ಮೂರನೆಯದು 2015ರಲ್ಲಿ. ನನ್ನ ಬಳಿ ಇರುವುದು ಎರಡನೆಯದರ ಅಗ್ಗದ ಭಾರತೀಯ ಮುದ್ರಣ. ಅದರ ಅಧ್ಯಾಯಗಳ ಕೊನೆಯಲ್ಲಿ ‘ಕೆಟ್ಟ ಸರ್ಕ್ಯೂಟ್‌ಗಳು’ ಎಂಬ ತಲೆಬರಹದಡಿ, ಕೆಲಸ ಮಾಡದ ಸರ್ಕ್ಯೂಟ್‌ಗಳ ಚಿತ್ರಗಳನ್ನು ಕೊಟ್ಟು, ಏಕೆ ಕೆಲಸ ಮಾಡುವುದಿಲ್ಲ ಎಂಬುದನ್ನು ಓದುಗನಿಗೇ ಬಿಟ್ಟಿದ್ದಾರೆ. ನಾನು ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಕಲಿತದ್ದು ಆ ಪುಟಗಳಿಂದ. ಅಂತರ್ಜಾಲದಲ್ಲಿಯೂ ಕೆಟ್ಟ ಸರ್ಕ್ಯೂಟ್‌ಗಳಿಗೇನೂ ಬರವಿಲ್ಲ. ಅವುಗಳ ಮೇಲೆ ಆ ಚೀಟಿ ಅಂಟಿಸಿರುವುದಿಲ್ಲ, ಅಷ್ಟೇ.

ಇನ್ನು ನಿಮ್ಮ ತಂಡದವರು ಸರಿಯಾಗಿರುವ ಕಡೆಗಳು. ನನ್ನ ಹಿರಿಯರು ಐಸಿಯೊಂದರ (ಚಿಪ್‌ನ) ಕಾಲುಗಳ ಜೋಡಣೆ ತಿಳಿಯಲು ತಯಾರಕರ ದಪ್ಪ ಡೇಟಾ ಬುಕ್‌ಗಳನ್ನು ಯಾರಿಂದಲೋ ಎರವಲು ತಂದು, ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಿಡಿಭಾಗ ಹುಡುಕಲು ಹೋಗುತ್ತಿದ್ದರು. ಇಂದು ಅದನ್ನು ಯಾರೂ ಮಾಡಬೇಕಾಗಿಲ್ಲ, ಮಾಡಲೂಬಾರದು. ಡೇಟಾಶೀಟ್‌ನ (ಬಿಡಿಭಾಗದ ವಿವರಪತ್ರದ) ಹೊಸ ಪರಿಷ್ಕರಣೆಯೂ, ಚಿಪ್‌ನಲ್ಲಿರುವ ದೋಷಗಳನ್ನು ತಯಾರಕರೇ ಒಪ್ಪಿಕೊಳ್ಳುವ ತಪ್ಪೋಲೆಯೂ ಅವರ ಜಾಲತಾಣದಲ್ಲೇ ಇರುತ್ತವೆ. ಸಿವಿಲ್ ಗೆಳೆಯರಿಗೂ ಇದೇ ಮಾತು ಸಲ್ಲುತ್ತದೆ: ಕಾಂಕ್ರೀಟಿನ ಐಎಸ್ 456 ಮಾನಕ 2000ದ್ದಾದರೂ ಆಮೇಲೆ ಹಲವು ತಿದ್ದುಪಡಿಗಳು ಬಂದಿವೆ, ಕಾಲೇಜಿನ ದಿನಗಳ ಮುದ್ರಿತ ಪ್ರತಿಯನ್ನು ನಂಬಿ ಕೂರಬಾರದು. ಯಾವುದೋ ಫ್ರೇಮ್‌ವರ್ಕ್‌ನ ಆವೃತ್ತಿ ಸಂಖ್ಯೆಯನ್ನು ಶೀರ್ಷಿಕೆಯಲ್ಲೇ ಹೊತ್ತ ಪುಸ್ತಕಗಳನ್ನಂತೂ ಮುಟ್ಟಬೇಡಿ. ಅಂಥ ಒಂದು ಪುಸ್ತಕಕ್ಕೆ ಹಿಂದೆ ಒಂದೂವರೆ ಸಾವಿರ ಸುರಿದಿದ್ದೆ. ಅದು ಈಗ ನನ್ನ ಮಾನಿಟರ್ ಅನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದೆ.

ಹಳೆಯದಾದದ್ದೆಲ್ಲ ಕೆಟ್ಟಿತು ಎಂದಲ್ಲ. ಕರ್ನಿಗನ್ ಮತ್ತು ರಿಚಿ ಬರೆದ ಸಿ ಭಾಷೆಯ ಪುಸ್ತಕದ ಎರಡನೆಯ ಆವೃತ್ತಿ 1988ರದ್ದು. ನಮ್ಮ ಕೆಲಸದಲ್ಲಿ ದಿನವೂ ಬೇಕಾಗುವ, 32 ಬಿಟ್ ಎಂದು ಖಚಿತವಾಗಿ ಹೇಳುವ ಪೂರ್ಣಾಂಕ ಪ್ರಕಾರಗಳು ಅದರಲ್ಲಿಲ್ಲ, ಏಕೆಂದರೆ ಅವು ಬಂದದ್ದು 1999ರ ಮಾನಕದಲ್ಲಿ. ಆದರೂ ಪಾಯಿಂಟರ್‌ಗಳ, ಅಂದರೆ ಮೆಮೊರಿಯ ವಿಳಾಸವನ್ನು ಇಟ್ಟುಕೊಳ್ಳುವ ಚರಗಳ, 5ನೇ ಅಧ್ಯಾಯಕ್ಕೆ ಸಾಟಿಯಾದ ವಿವರಣೆ ನನಗೆ ಇನ್ನೂ ಕಂಡಿಲ್ಲ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ತರಗತಿಯ ಇಂಗ್ಲಿಷ್ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಆ ಅಧ್ಯಾಯವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು, ಪ್ರತಿ ಅಭ್ಯಾಸವನ್ನೂ ಕಾಗದದ ಮೇಲೆ ಬಿಡಿಸುತ್ತಾ, ಒಂದು ತಿಂಗಳು ಓದಿದೆ. ಚಿಕ್ಕ ಚಿಕ್ಕ ವಾಕ್ಯಗಳು, ಎಲ್ಲಿ ಬಿಟ್ಟರೆ ಅಲ್ಲೇ ಕಾಯುತ್ತಾ ನಿಂತಿರುವ ಪುಟ. ಈಗ ವಿಡಿಯೊ ಪಾಠವನ್ನೂ ನಿಲ್ಲಿಸಿ ಹಿಂದಕ್ಕೆ ಓಡಿಸಬಹುದು, ನಿಜ. ಆದರೆ ಅರ್ಥವಾಗದ ಒಂದು ವಾಕ್ಯದ ಕೆಳಗೆ ಗೆರೆ ಎಳೆದು, ನಾಳೆ ಅದನ್ನೇ ಮೊದಲು ನೋಡುವ ಅನುಕೂಲ ವಿಡಿಯೊದಲ್ಲಿ ನನಗೆ ಸಿಕ್ಕಿಲ್ಲ. 2021ರಿಂದ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಕನ್ನಡದಲ್ಲೂ ಎಂಜಿನಿಯರಿಂಗ್ ಪಠ್ಯಗಳನ್ನು ತರಲು ಆರಂಭಿಸಿರುವುದು ಸಂತೋಷದ ವಿಷಯ, ಆದರೂ ವೃತ್ತಿಗೆ ಬೇಕಾದ ಆಳದ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಉಳಿದಿವೆ. ಆ ಇಂಗ್ಲಿಷಿಗೆ ನಿಧಾನವಾಗಿ ಒಗ್ಗಿಕೊಳ್ಳಲು ಪುಸ್ತಕವೇ ಮೇಲು.

ಪುಸ್ತಕ ಎಂದಾಗ ನಾನು ಕಾಗದವನ್ನೇ ಹೇಳುತ್ತಿಲ್ಲ. ಆಪರೇಟಿಂಗ್ ಸಿಸ್ಟಮ್‌ಗಳ ಬಗ್ಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು ಬರೆದ ‘ತ್ರೀ ಈಸಿ ಪೀಸಸ್’ ಎಂಬ ಇಡೀ ಪುಸ್ತಕವನ್ನು ಅವರೇ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಆಪರೇಶನಲ್ ಆಂಪ್ಲಿಫೈಯರ್‌ಗಳ (ಸಂಕೇತ ವರ್ಧಿಸುವ ಐಸಿಗಳ) ಬಗ್ಗೆ ಚಿಪ್ ತಯಾರಕ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೂಡ ಒಂದು ಪೂರ್ಣ ಪುಸ್ತಕವನ್ನು ಪಿಡಿಎಫ್ ರೂಪದಲ್ಲಿ ಹಂಚಿದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಕೈ ಬರೆದಂತಿರುವುದು ಮುಖ್ಯ, ಅದು ಪರದೆಯ ಮೇಲಿದ್ದರೂ ಸರಿ.

ಕೊಳ್ಳುವ ಮುನ್ನ ನಾನು ಮಾಡುವ ಪರೀಕ್ಷೆ ಒಂದಿದೆ. ನನಗೆ ಚೆನ್ನಾಗಿ ಗೊತ್ತಿರುವ, ಅದರಲ್ಲೂ ನಾನು ಕೈ ಸುಟ್ಟುಕೊಂಡು ಕಲಿತ ಒಂದು ವಿಷಯವನ್ನು ಪುಸ್ತಕದ ಕೊನೆಯ ಪದಸೂಚಿಯಲ್ಲಿ ಹುಡುಕಿ ಆ ಪುಟವನ್ನು ಓದುತ್ತೇನೆ. ನಾನು ಕೈ ಸುಟ್ಟುಕೊಂಡ ಆ ಷರತ್ತು ಅಲ್ಲಿ ಒಂದು ಸಾಲಿನಲ್ಲಾದರೂ ಬಂದಿದ್ದರೆ, ನನಗೆ ಗೊತ್ತಿಲ್ಲದ ಉಳಿದ ಪುಟಗಳನ್ನೂ ನಂಬಬಹುದು ಎಂದು ಲೆಕ್ಕ. ಪದಸೂಚಿಯೇ ಇಲ್ಲದ ತಾಂತ್ರಿಕ ಪುಸ್ತಕವನ್ನು ಅಲ್ಲೇ ಕೆಳಗಿಡುತ್ತೇನೆ.

ಬೆಲೆಯ ಚಿಂತೆ ನಿಮಗೆ ಬೇಡ. ನೀವು ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿಗೆ ಒಂದು ಸಂಜೆ ಹೋಗಿ. ಪರೀಕ್ಷೆಯ ಗೈಡ್‌ಗಳ ರಾಶಿಯ ಅಡಿಯಿಂದ ಒಳ್ಳೆಯ ಪುಸ್ತಕಗಳು ಮುಖಬೆಲೆಯ ಒಂದು ಭಾಗಕ್ಕೆ ಏಳುವುದುಂಟು. ನನ್ನ ಸ್ಟೀವನ್ಸ್ ಪ್ರತಿಯೂ ಅಲ್ಲಿಯದೇ. 19ನೇ ಅಧ್ಯಾಯದ ಅಂಚಿನಲ್ಲಿ, ತಡವಾದ ಸ್ವೀಕೃತಿಯ ವಿಭಾಗದ ಪಕ್ಕದಲ್ಲೇ, ಹಿಂದಿನ ಒಡೆಯರು ಯಾರೋ ಪೆನ್ಸಿಲ್‌ನಲ್ಲಿ ‘200 ಎಂಎಸ್ — ನಮ್ಮದೂ ಇದೇ!’ ಎಂದು ಬರೆದಿದ್ದಾರೆ.