ಹೊಸ ಡಿಸ್ಕ್, ಹೊಸ ಪ್ಯಾಡ್. ಆದರೂ ಸ್ಟೇರಿಂಗ್ ಯಾಕೆ ಅದುರುತ್ತೆ?

ಪ್ರಶ್ನೆ: ಕಾರಿನ ಮುಂದಿನ ಎರಡೂ ಚಕ್ರಗಳಿಗೆ ಒಳ್ಳೆಯ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ಬಿಲ್ಲೆ) ಮತ್ತು ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಹಾಕಿಸಿದೆ. ‘ಸ್ವಲ್ಪ ದಿನ ಮೆತ್ತಗೆ ಓಡಿಸಿ, ತಾನಾಗೇ ಸೆಟ್ ಆಗುತ್ತೆ’ ಅಂತ ಗ್ಯಾರೇಜಿನವರು ಅಂದರು. ಹಾಗೇ ಮಾಡಿದೆ. ವಾರ ಕಳೆಯುವಷ್ಟರಲ್ಲಿ 80 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ಅದುರಲು ಶುರುವಾಯಿತು. ಈಗ ‘ಡಿಸ್ಕ್ ಬೆಂಡಾಗಿದೆ, ಬೇರೆ ಹಾಕಿಸಿ’ ಅನ್ನುತ್ತಿದ್ದಾರೆ. ಹೊಸ ಡಿಸ್ಕ್ ಇಷ್ಟು ಬೇಗ ಬೆಂಡಾಗುತ್ತಾ?

ಉತ್ತರ: ಬೆಂಡಾಗಿರುವ ಸಾಧ್ಯತೆ ತೀರಾ ಕಡಿಮೆ. ಬ್ರೇಕ್ ಅದುರಿದರೆ ಸಾಕು, ಡಿಸ್ಕಿನ ಮೇಲೆ ತಪ್ಪು ಹೊರಿಸುವುದು ರೂಢಿಯಾಗಿಬಿಟ್ಟಿದೆ. ಡಿಸ್ಕಿನ ದಪ್ಪ ಒಂದು ಕಡೆಗೂ ಇನ್ನೊಂದು ಕಡೆಗೂ 0.02 ಮಿ.ಮೀ.ನಷ್ಟು ಹೆಚ್ಚುಕಮ್ಮಿಯಾದರೂ ಕೈಗೆ ಅದುರು ತಟ್ಟುತ್ತದೆ. ಇದು ಕಣ್ಣಿಗೆ ಕಾಣುವಂಥದ್ದಲ್ಲ. ನಿಮ್ಮ ಕಾರಿನಲ್ಲಿ ಈ ವ್ಯತ್ಯಾಸ ಬಂದಿರುವುದು ಬಹುಶಃ ಪ್ಯಾಡಿನಿಂದಲೇ.

ಪ್ಯಾಡ್ ಬರೀ ಡಿಸ್ಕನ್ನು ಉಜ್ಜಿ ಕಾರನ್ನು ನಿಲ್ಲಿಸುತ್ತದೆ ಅಂದುಕೊಂಡಿರುತ್ತೇವೆ. ಅದು ಅರ್ಧ ವಿಷಯ ಅಷ್ಟೇ. ಸ್ಲೇಟಿನ ಮೇಲೆ ಬಳಪ ಉಜ್ಜಿದ ಹಾಗೆ, ಕಾವೇರಿದ ಪ್ಯಾಡ್ ತನ್ನದೇ ಪುಡಿಯ ತೆಳು ಪದರವನ್ನು ಡಿಸ್ಕಿನ ಮೇಲೆ ಬಿಡುತ್ತದೆ. ಆಮೇಲೆ ಹಿಡಿತ ಸಿಗುವುದು ಬಹುಪಾಲು ಈ ಪದರಕ್ಕೂ ಪ್ಯಾಡಿಗೂ ನಡುವೆ. ಪದರ ಸುತ್ತಲೂ ಒಂದೇ ಸಮ ಕೂತರೆ ಬ್ರೇಕ್ ನಯವಾಗಿರುತ್ತದೆ. ತೇಪೆ ತೇಪೆಯಾಗಿ ಕೂತರೆ ಅದುರುತ್ತದೆ. ಹೊಸ ಪ್ಯಾಡನ್ನು ಪಳಗಿಸುವುದು, ಅಂದರೆ ಬೆಡ್ಡಿಂಗ್ ಮಾಡುವುದು, ಈ ಪದರವನ್ನು ಸಮವಾಗಿ ಕೂರಿಸುವುದಕ್ಕೇ.

ಮೆತ್ತಗೆ ಓಡಿಸಿದರೆ ಪ್ಯಾಡ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಹಾಗಿರುವಾಗ ಒಂದು ದಿನ ವೇಗದಿಂದ ಜೋರಾಗಿ ಬ್ರೇಕ್ ಹಾಕಿ, ಸಿಗ್ನಲ್‌ನಲ್ಲಿ ಪೆಡಲ್ ಒತ್ತಿಕೊಂಡೇ ನಿಂತಿರುತ್ತೀರಿ. ಬಿಸಿ ಪ್ಯಾಡ್ ಅದೇ ಜಾಗಕ್ಕೆ ಅಂಟಿ ಅಚ್ಚು ಬಿಡುತ್ತದೆ. ಚಕ್ರ ಬಿಚ್ಚಿ ನೋಡಿ. ಡಿಸ್ಕಿನ ಮೇಲೆ ಪ್ಯಾಡಿನದೇ ಆಕಾರದ ಕಪ್ಪು ಗುರುತು ಕಂಡರೆ ಕಾರಣ ಸಿಕ್ಕಿತು ಅಂತಲೇ.

ಡಿಸ್ಕ್ ಬದಲಾಯಿಸುವ ಮೊದಲು ಸರಿಯಾಗಿ ಒಂದು ಸಲ ಪಳಗಿಸಿ. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ ಹೀಗೆ ಮಾಡಿ: ಹಿಂದೆ ಮುಂದೆ ವಾಹನವಿಲ್ಲದ ನೇರ ರಸ್ತೆ ಹುಡುಕಿ. 60 ಕಿ.ಮೀ. ವೇಗದಿಂದ 10ಕ್ಕೆ ಇಳಿಯುವ ತನಕ ಗಟ್ಟಿಯಾಗಿ ಬ್ರೇಕ್ ಒತ್ತಿ. ಎಬಿಎಸ್ (ಜೋರು ಬ್ರೇಕಿಗೆ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಶುರುಮಾಡುವಷ್ಟು ಮಾತ್ರ ಬೇಡ. ಪೂರ್ತಿ ನಿಲ್ಲಿಸಬೇಡಿ. ತಕ್ಷಣ ಮತ್ತೆ 60ಕ್ಕೆ ಏರಿಸಿ. ಹೀಗೆ ಎಂಟು ಹತ್ತು ಸಲ. ನಡುವೆ ಸುಟ್ಟ ವಾಸನೆ ಬರಬಹುದು, ಹಿಡಿತ ಸ್ವಲ್ಪ ಕಡಿಮೆಯಾಯಿತು ಅನ್ನಿಸಬಹುದು. ಹೊಸ ಪ್ಯಾಡಿನೊಳಗಿನ ಅಂಟು ಕಾದು ಅನಿಲ ಬಿಡುವಾಗ ಇದು ಮಾಮೂಲು. ಪೆಡಲ್ಲೇ ಕೆಳಗೆ ಇಳಿಯತೊಡಗಿದರೆ ಮಾತ್ರ ಅಲ್ಲಿಗೇ ಬಿಡಿ.

ಆಮೇಲಿನ ಹತ್ತು ನಿಮಿಷವೂ ಅಷ್ಟೇ ಮುಖ್ಯ, ಜನ ಮರೆಯುವುದೂ ಇದನ್ನೇ. ಬ್ರೇಕನ್ನು ಆದಷ್ಟು ಮುಟ್ಟದೆ ಗಾಳಿಗೆ ಓಡಿಸುತ್ತಾ ತಣ್ಣಗಾಗಲು ಬಿಡಿ. ಬಿಸಿಯಿರುವಾಗ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡಿ, ನೀರಂತೂ ಹಾಕಲೇಬೇಡಿ.

ಅಚ್ಚು ತೆಳುವಾಗಿದ್ದರೆ ಇಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಡಿಸ್ಕಿನ ಮೇಲ್ಮೈಯನ್ನು ಲೇತ್‌ನಲ್ಲಿ ಹಗುರವಾಗಿ ತೆಗೆಸಿ, ಮತ್ತೆ ಪಳಗಿಸಬಹುದು. ಆದರೆ ಅಂಟಿದ ಜಾಗ 650–700 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಿದ್ದರೆ ಅಲ್ಲಿನ ಎರಕದ ಕಬ್ಬಿಣವೇ ಬದಲಾಗಿ ಸಿಮೆಂಟೈಟ್ ಎಂಬ ಗಟ್ಟಿ ಕಲೆ ಹುಟ್ಟಿರುತ್ತದೆ. ಅದು ಒಳಗೂ ಇಳಿದಿರುವುದರಿಂದ ಮೇಲೆ ಕೆರೆದರೂ ಅದುರು ಮರಳಿ ಬರುತ್ತದೆ. ಆಗ ಮಾತ್ರ ಹೊಸ ಡಿಸ್ಕ್.

ಇನ್ನೊಂದು ಅನುಮಾನ: ಡಿಸ್ಕ್ ಕೂರುವ ಹಬ್ ಅನ್ನು ತಂತಿ ಬ್ರಷ್ ಹಾಕಿ ಉಜ್ಜಿದ್ದರಾ, ಕೇಳಿ. ಅಲ್ಲಿ ಉಳಿದ ತುಕ್ಕಿನ ಒಂದು ಚಕ್ಕೆ ಸಾಕು, ಡಿಸ್ಕ್ ಓರೆಯಾಗಿ ತಿರುಗುತ್ತದೆ. ಪ್ಯಾಡ್ ಪ್ರತಿ ಸುತ್ತಿಗೂ ಅದೇ ಜಾಗವನ್ನು ಸವರುತ್ತಾ ಡಿಸ್ಕನ್ನು ತಿನ್ನುತ್ತದೆ. ಆದರೆ ಇದರ ಅದುರು ಸಾಮಾನ್ಯವಾಗಿ ಸಾವಿರಾರು ಕಿ.ಮೀ. ಓಡಿದ ಮೇಲೆ ಕಾಣಿಸುತ್ತದೆ, ವಾರದೊಳಗಲ್ಲ. ಡಯಲ್ ಗೇಜ್ (ಓರೆಯನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಡಿಸ್ಕ್ ತಿರುಗಿಸಿದರೆ ಗೊತ್ತಾಗುತ್ತದೆ. ಗೇಜ್ ಇಡದೆ ಯಾರಾದರೂ ‘ಬೆಂಡ್’ ಅಂದರೆ ನಾನು ನಂಬುವುದಿಲ್ಲ.

ಪ್ರಶ್ನೆ: ಕಾರು ಇನ್ನೂ ಬೇಗ ನಿಲ್ಲಬೇಕು ಅಂತ ತೂತಿರುವ ಡಿಸ್ಕ್, ರೇಸ್ ಪ್ಯಾಡ್ ಹಾಕಿಸುವ ಯೋಚನೆ ಇದೆ. ಪ್ರಯೋಜನ ಇದೆಯಾ?

ಉತ್ತರ: ಈಗಿರುವ ಬ್ರೇಕ್ ಜೋರಾಗಿ ಒತ್ತಿದಾಗ ಎಬಿಎಸ್ ಕೆಲಸ ಮಾಡುತ್ತಿದೆಯಲ್ವಾ? ಹಾಗಿದ್ದರೆ ಮಿತಿ ಇರುವುದು ಟೈರಿನ ಹಿಡಿತದಲ್ಲಿ, ಬ್ರೇಕಿನಲ್ಲಲ್ಲ. ದೊಡ್ಡ ಡಿಸ್ಕ್, ಬೇರೆ ಪ್ಯಾಡ್ ಕೊಡುವುದು ಮತ್ತೆ ಮತ್ತೆ ಬ್ರೇಕ್ ಹಾಕಿದಾಗ ಬಿಸಿ ತಡೆಯುವ ಶಕ್ತಿಯನ್ನು. ಉದ್ದನೆಯ ಇಳಿಜಾರಿನಲ್ಲಿ ಅದು ಬೇಕಾಗುತ್ತದೆ.

ರಸ್ತೆಗೆ ರೇಸ್ ಪ್ಯಾಡ್ ಬೇಡವೇ ಬೇಡ. ಅವು ಕಾದ ಮೇಲೆ ಕಚ್ಚುತ್ತವೆ. ಬೆಳಿಗ್ಗೆ ತಣ್ಣಗಿರುವಾಗ ಮಗುವೊಂದು ಅಡ್ಡ ಬಂದರೆ ಏನು ಗತಿ? ತೂತಿನ ಡಿಸ್ಕ್ ನೋಡಲು ಚೆಂದ, ಆದರೆ ಜಾಸ್ತಿ ಬಿಸಿಯಾದರೆ ಬಿರುಕು ಬಿಡುವುದು ತೂತಿನ ಅಂಚಿನಿಂದಲೇ. ಗೀರು ಕೊರೆದ ಡಿಸ್ಕ್ ಪುಡಿ ಮತ್ತು ಅನಿಲವನ್ನು ಹೊರಹಾಕುತ್ತದೆ, ಜೊತೆಗೆ ಪ್ಯಾಡನ್ನೂ ಬೇಗ ಸವೆಸುತ್ತದೆ. ದಿನನಿತ್ಯದ ಓಡಾಟಕ್ಕೆ ಒಳಗೆ ಗಾಳಿ ಆಡುವ ಸಾದಾ ಡಿಸ್ಕ್ ಸಾಕು.

ಸುಮ್ನೆ ದುಡ್ಡು ಸುರಿಯುವ ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ. ಈ ಆಯಿಲಿನ ಒಂದು ದರ್ಜೆಯಾದ ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರಿನಂಶ ಹೀರಿದ ದ್ರವಕ್ಕೆ ಈ ಮಿತಿ 155. ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ, ಡಿಸ್ಕ್ ಎಷ್ಟೇ ದೊಡ್ಡದಿರಲಿ. ಬಹಳಷ್ಟು ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಬೇಕು.

ಪ್ರಶ್ನೆ: ಹಳೇ ಡಿಸ್ಕಿಗೆ ಹೊಸ ಪ್ಯಾಡ್ ಮಾತ್ರ ಹಾಕಬಹುದಾ?

ಉತ್ತರ: ಹಾಕಬಹುದು. ಡಿಸ್ಕಿನ ಮೇಲೆ ಸಾಮಾನ್ಯವಾಗಿ ಕನಿಷ್ಠ ದಪ್ಪ ಕೊರೆದಿರುತ್ತದೆ. ಅಳೆದಾಗ ಅದಕ್ಕಿಂತ ಜಾಸ್ತಿ ಇರಬೇಕು, ಬಿರುಕು, ಆಳವಾದ ಗೆರೆ ಇರಬಾರದು. ಬೇರೆ ಬಗೆಯ ಪ್ಯಾಡ್ ಹಾಕುವುದಾದರೆ ಹಳೇ ಪದರವನ್ನು ಉಜ್ಜಿ ತೆಗೆಸಿ. ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಾಯಿಸಿ. ಪಳಗಿಸುವುದು ಇಲ್ಲೂ ತಪ್ಪುವುದಿಲ್ಲ.

ಪ್ರಶ್ನೆ: ಮನೆಯಲ್ಲೇ ಪ್ಯಾಡ್ ಬದಲಾಯಿಸಿದೆ. ಮೊದಲ ಸಲ ಒತ್ತಿದಾಗ ಪೆಡಲ್ ಪೂರ್ತಿ ಒಳಗೆ ಹೋಯಿತು!

ಉತ್ತರ: ಹೊಸ ಪ್ಯಾಡ್ ಕೂರಿಸಲು ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿಸ್ಟನ್ ಹಿಂದಕ್ಕೆ ತಳ್ಳಿದ್ದೀರಲ್ವಾ, ಅದು ಮುಂದೆ ಬರುವ ತನಕ ಹಾಗೇ. ಕಾರು ಅಲುಗಿಸುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ, ಆಯಿಲ್ ಮಟ್ಟ ನೋಡಿ. ಆಮೇಲೂ ಪೆಡಲ್ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಬ್ಲೀಡ್ ಮಾಡಿಸುವ, ಅಂದರೆ ಆ ಗಾಳಿ ತೆಗೆಸುವ ತನಕ ಕಾರನ್ನು ರಸ್ತೆಗೆ ಇಳಿಸಬೇಡಿ.