ಜ್ವರ ಬಂದಿದ್ದು ಮೊದಲು ಗೊತ್ತಾಗಿದ್ದು ಯಾರಿಗೆ?

ತುಮಕೂರಿನಿಂದ ಎಸ್. ಅವರು ಬರೆದ ಕಾಗದ ಮೂರು ಪುಟ ಇದೆ. ಎರಡೂಮುಕ್ಕಾಲು ಪುಟ ಓದಿದಾಗ, ಮುಂದಿನ ವಾರ ನೋಡೋಣ ಅಂತ ಮಡಚಿಡುವವಳಿದ್ದೆ. ಕೊನೆಯ ನಾಲ್ಕು ಸಾಲು ಓದಿದ ಮೇಲೆ ಇವತ್ತಿಗೆ ಅಂತ ಎತ್ತಿಟ್ಟಿದ್ದ ಬೇರೆ ಎರಡು ಕಾಗದಗಳನ್ನು ಪಕ್ಕಕ್ಕೆ ಸರಿಸಿದೆ.

ಸಂಗತಿ ಇಷ್ಟು. ಎಸ್. ಅವರಿಗೆ 48 ವರ್ಷ. ಸಹಕಾರ ಸಂಘವೊಂದರಲ್ಲಿ ಕೆಲಸ. ಗಂಡನಿಗೆ ಹಾರ್ಡ್‌ವೇರ್ ಅಂಗಡಿ, ಮಗ ಎಂಜಿನಿಯರಿಂಗ್ ಕೊನೆ ವರ್ಷ. ಮಂಡಿನೋವಿಗೆ ಈಜು ಒಳ್ಳೆಯದು ಅಂತ ಡಾಕ್ಟರ್ ಹೇಳಿದರು. ಬೇಸಿಗೆಯಲ್ಲಿ ಹೆಂಗಸರ ಬ್ಯಾಚಿಗೆ ಸೇರಿ ಕಲಿತರು. ಆಮೇಲೆ ಬೆಳಿಗ್ಗೆ ಆರಕ್ಕೆ ಬರುವ ದೊಡ್ಡವರ ತಂಡದ ಜೊತೆ ಎರಡು ತಿಂಗಳು ಹೋಗಿಬಂದರು. ಈಗ ಕೋಚ್, ಹೆಸರು ಕೊಡಿ, ತಂಡಕ್ಕೆ ಸೇರಿಬಿಡಿ ಅಂತಿದ್ದಾರೆ. ಸದ್ಯ ಹತ್ತು ಜನ ಇದ್ದಾರೆ. ಅದರಲ್ಲಿ ಹೆಂಗಸರು ಇಬ್ಬರೇ.

ಗಂಡ ಹೇಳುವುದು: ದುಡ್ಡು ಕೊಟ್ಟು ಯಾಕೆ, ಅಮಾನಿಕೆರೆ ಏರಿ ಮೇಲೆ ವಾಕ್ ಮಾಡು. ನಾದಿನಿ ಹೇಳುವುದು: ಈ ವಯಸ್ಸಲ್ಲಿ, ಆ ಬಟ್ಟೆಯಲ್ಲಿ, ಗಂಡಸರ ಮುಂದೆ? ಮಗ ಹೇಳುವುದು: ಹಾಗಾದರೆ ತಿಂಡಿ ಎಷ್ಟು ಹೊತ್ತಿಗೆ? ಎಸ್. ಅವರ ಸ್ವಂತ ಹೆದರಿಕೆ ಬೇರೆ. ತಂಡದಲ್ಲಿ ತಾವೇ ಎಲ್ಲರಿಗಿಂತ ನಿಧಾನ, ತಮ್ಮಿಂದ ಉಳಿದವರಿಗೆ ತೊಂದರೆ ಅಂತ.

ಇನ್ನು ಆ ನಾಲ್ಕು ಸಾಲು. ಅವರ ಮಾತಲ್ಲೇ ಓದಿ: 'ಹೋದ ತಿಂಗಳು ಜ್ವರ ಬಂದು ಎರಡು ದಿನ ಈಜಿಗೆ ಹೋಗಲಿಲ್ಲ. ಎರಡನೇ ದಿನ ಎಂಟು ಗಂಟೆಯೊಳಗೆ ತಂಡದವರು ಮೂರು ಜನ ಫೋನ್ ಮಾಡಿದ್ದರು. ನಾನು ಫೋನಲ್ಲಿ ಹೇಳುವುದು ಕೇಳಿಸಿಕೊಂಡು ಮನೆಯವರಿಗೂ ಜ್ವರ ಅಂತ ಗೊತ್ತಾಯಿತು. ತಿಂಡಿ ಹೊತ್ತಿಗೆ ಸರಿಯಾಗಿ ಆಗಿತ್ತಲ್ಲ, ಅದಕ್ಕೇ ಯಾರೂ ಗಮನಿಸಿರಲಿಲ್ಲ. ಇದೇನು ದೊಡ್ಡ ವಿಷಯ ಅಲ್ಲ.'

ದೊಡ್ಡ ವಿಷಯ ಅಲ್ವಾ ತಾಯಿ? ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೈ ಸುಡುತ್ತಿರುವಾಗ ಒಗ್ಗರಣೆ ಹಾಕಿದ್ದೀರಿ. ಮೂರು ಜನ ಕೂತು ತಿಂದಿದ್ದೀರಿ. ಮಗ ಬಾಕ್ಸ್ ತಗೊಂಡು ಹೋಗಿದ್ದಾನೆ. ನಿಮ್ಮ ಮುಖ ಯಾರೂ ನೋಡಲಿಲ್ಲ. ಅತ್ತ ಈಜುಕೊಳದಲ್ಲಿ, ಟೋಪಿ ಕನ್ನಡಕ ಹಾಕಿಕೊಂಡರೆ ಎಲ್ಲರೂ ಒಂದೇ ಥರ ಕಾಣುವ ಜಾಗದಲ್ಲಿ, ನೀವು ಬಂದಿಲ್ಲ ಅಂತ ಮೂರು ಜನಕ್ಕೆ ಗೊತ್ತಾಗಿದೆ. ಈಜು ಒಬ್ಬರೇ ಮಾಡಬಹುದಲ್ಲ, ತಂಡ ಯಾಕೆ ಅಂತ ಕಾಗದದಲ್ಲಿ ಎರಡು ಸಲ ಕೇಳಿದ್ದೀರಿ. ಉತ್ತರ ನೀವೇ ಬರೆದು ಕಳಿಸಿದ್ದೀರಿ.

ಒಬ್ಬರೇ ಈಜುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ನಾನು ಕಲಿತಿದ್ದು 51ಕ್ಕೆ. ನಮ್ಮ ಕಡೆ ಬಾವಿಯಲ್ಲಿ ಗಂಡುಹುಡುಗರ ಸೊಂಟಕ್ಕೆ ಒಣಗಿದ ಎರಡು ತೆಂಗಿನಕಾಯಿ ಕಟ್ಟಿ ನೀರಿಗೆ ತಳ್ಳುತ್ತಿದ್ದರು, ಒಂದು ಬೇಸಿಗೆಯಲ್ಲಿ ಕಲಿತುಬಿಡುತ್ತಿದ್ದರು. ನಾವು ಹುಡುಗಿಯರು ಮೆಟ್ಟಿಲ ಮೇಲೆ ಕೊಡ ಹಿಡಿದು ನಿಂತು ನೋಡುತ್ತಿದ್ದೆವು. ತೆಂಗಿನಕಾಯಿಗೇನೂ ಆ ಸೀಮೆಯಲ್ಲಿ ಬರ ಇರಲಿಲ್ಲ. ಇರಲಿ. ಕೊನೆಗೂ ಕಲಿತ ಮೇಲೆ, ಒಬ್ಬಳೇ ನಿಶ್ಚಿಂತೆಯಾಗಿ ಈಜುತ್ತೇನೆ ಅಂದುಕೊಂಡು ಹೋಗುತ್ತಿದ್ದೆ. ಎರಡು ಸುತ್ತು ಹೊಡೆಯುವುದು, ಗೋಡೆ ಹಿಡಿದು ನಿಲ್ಲುವುದು, ಗಡಿಯಾರ ನೋಡುವುದು. ಧನುರ್ಮಾಸದ ಚಳಿ ಬಂತು. ಇವತ್ತೊಂದು ದಿನ ಬೇಡ ಅಂದುಕೊಂಡೆ. ಮೂರು ತಿಂಗಳಿಗೆ ಬಿಟ್ಟೇಬಿಟ್ಟೆ. ಯಾಕೆ ಬರಲಿಲ್ಲ ಅಂತ ಕೇಳಲು ಅಲ್ಲಿ ಯಾರೂ ಇರಲಿಲ್ಲ.

ನಿಧಾನ ಅನ್ನುವ ಹೆದರಿಕೆಗೆ ಬರೋಣ. ತಂಡದಲ್ಲಿ ಎಲ್ಲರೂ ಒಟ್ಟಿಗೆ ಓಟ ಕಿತ್ತ ಹಾಗೆ ಈಜುವುದಿಲ್ಲ, ಎರಡು ತಿಂಗಳಲ್ಲಿ ನೀವೇ ನೋಡಿರುತ್ತೀರಿ. ವೇಗದವರಿಗೆ ಒಂದು ಲೇನ್, ನಿಧಾನದವರಿಗೆ ಇನ್ನೊಂದು. ಒಂದೇ ಲೇನಿನಲ್ಲೂ ಒಬ್ಬರು ಹೊರಟು ಐದೋ ಹತ್ತೋ ಸೆಕೆಂಡ್ ಆದ ಮೇಲೆ ಮುಂದಿನವರು. ಹೋಗುವವರು ಒಂದು ಪಕ್ಕ, ಬರುವವರು ಇನ್ನೊಂದು ಪಕ್ಕ. ನಿಧಾನದವರು ಕೊನೆಗೆ ಹೊರಟರೆ ಆಯಿತು. 50 ಮೀಟರ್ ಈಜು, ಸ್ವಲ್ಪ ನಿಲ್ಲು, ಮತ್ತೆ 50 ಮೀಟರ್, ಹೀಗೆ ತುಂಡು ತುಂಡಾಗಿ ಕೋಚ್ ಕೊಡುತ್ತಾರೆ. ಒಬ್ಬರೇ ಇದ್ದರೆ ನಾಲ್ಕಕ್ಕೆ ಸಾಕಾಗುತ್ತದೆ, ಪಕ್ಕದವರು ಹೊರಟರೆ ಎಂಟು ಆಗಿಬಿಡುತ್ತದೆ. ಉಸಿರು ನೀರೊಳಗೇ ಪೂರ್ತಿ ಬಿಡುತ್ತಿದ್ದೀರೋ, ತಲೆ ಎತ್ತಿ ಎತ್ತಿ ಸೊಂಟ ಮುಳುಗಿಸುತ್ತಿದ್ದೀರೋ, ಅದು ದಡದ ಮೇಲೆ ನಿಂತವರಿಗೆ ಕಾಣುತ್ತದೆ. ನಮಗೆ ನಾವೇ ಯಾವತ್ತೂ ಚೆನ್ನಾಗಿಯೇ ಈಜುತ್ತಿರುತ್ತೇವೆ.

ಕೋಚ್ ನಿಮ್ಮನ್ನು ಪಾಪ ಅಂತ ಕರೆದಿದ್ದಾರೆ ಅಂದುಕೊಂಡಿದ್ದರೆ ಅದನ್ನೂ ಬಿಡಿ. ದೊಡ್ಡವರ ಈಜು ಸ್ಪರ್ಧೆಗೆ ಮಾಸ್ಟರ್ಸ್ ಅನ್ನುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ 25 ವರ್ಷದಿಂದ ಶುರುವಾಗಿ ಐದೈದು ವರ್ಷಕ್ಕೆ ಒಂದೊಂದು ಗುಂಪು. ನೀವು 45ರಿಂದ 49ರ ಗುಂಪು. ಇಪ್ಪತ್ತೈದರ ಹುಡುಗಿಯ ಜೊತೆ ನಿಮಗೆ ಪೈಪೋಟಿ ಇಲ್ಲ. ರಿಲೇ ಇನ್ನೂ ಮಜಾ: ನಾಲ್ಕು ಜನರ ವಯಸ್ಸು ಕೂಡಿಸಿ ಗುಂಪು ನಿರ್ಧಾರ ಮಾಡುತ್ತಾರೆ. ಒಟ್ಟು 160ರಿಂದ 199 ಒಂದು ಗುಂಪು, 200ರಿಂದ 239 ಇನ್ನೊಂದು. ಮಿಶ್ರ ರಿಲೇಗೆ ಇಬ್ಬರು ಹೆಂಗಸರು ಬೇಕೇ ಬೇಕು. ತಂಡದಲ್ಲಿ ಇರುವುದೇ ಇಬ್ಬರು, ಒಬ್ಬರಿಗೆ ನೆಗಡಿಯಾದರೆ ಮುಗಿಯಿತು. ನಿಮ್ಮ 48 ಅವರ ಲೆಕ್ಕಕ್ಕೆ ಬೇಕಾಗಿದೆ.

ಗಂಡನ ಮಾತಿನಲ್ಲಿ ಅರ್ಧ ನಿಜ ಇದೆ, ಅವರನ್ನು ಜಾಸ್ತಿ ಬೈಯುವುದಿಲ್ಲ. ಕತ್ತಿನವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಹತ್ತರಲ್ಲಿ ಒಂದು ಭಾಗದಷ್ಟೇ. ಮಂಡಿಗೆ ಹಿತ ಅದಕ್ಕೇ. ಆದರೆ ಮೂಳೆ ಗಟ್ಟಿಯಾಗಿರಲು ಸ್ವಲ್ಪ ಭಾರ ಬೀಳಲೇಬೇಕು, ಈಜು ಆ ಕೆಲಸ ಮಾಡುವುದಿಲ್ಲ. ಭಾನುವಾರ ಇಬ್ಬರೂ ಅಮಾನಿಕೆರೆಗೆ ಹೋಗಿ ನಡೆಯಿರಿ. ಅವರೂ ಬರಬೇಕು, ದಿನವಿಡೀ ಅಂಗಡಿಯಲ್ಲಿ ಕೂತಿರುವವರು. ಇನ್ನೊಂದು ಮಾತು. ಕಪ್ಪೆಯ ಹಾಗೆ ಕಾಲು ಅಗಲಿಸಿ ಒದೆಯುವ ಬ್ರೆಸ್ಟ್‌ಸ್ಟ್ರೋಕ್ ಕೆಲವರ ಮಂಡಿಯನ್ನು ನೋಯಿಸುತ್ತದೆ. ಕೋಚ್‌ಗೆ ಮಂಡಿಯ ವಿಷಯ ಹೇಳಿ, ಫ್ರೀಸ್ಟೈಲ್ ಜಾಸ್ತಿ ಮಾಡಿ.

ನಾದಿನಿಗೆ ಒಂದು ಪ್ಯಾರಾ ಸಾಕು. ತೋಳು ಮುಚ್ಚುವ, ಮಂಡಿ ದಾಟುವ ಈಜುಡುಗೆ ಅಂಗಡಿಯಲ್ಲಿ ಸಿಗುತ್ತದೆ. 1959ರ ಸೆಪ್ಟೆಂಬರಿನಲ್ಲಿ ಆರತಿ ಸಹಾ ಇಂಗ್ಲಿಷ್ ಕಾಲುವೆ ಈಜಿದ ಏಷ್ಯಾದ ಮೊದಲ ಹೆಂಗಸಾದರು. ಇಷ್ಟು ವರ್ಷ ಆದ ಮೇಲೂ ನಾವು ಬಟ್ಟೆ ಅಳೆಯುತ್ತಾ ಕೂತಿದ್ದೇವೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಮಗನ ಮೇಲೆ. ಅವನ ಬಗ್ಗೆ 'ಪಾಪ, ಓದಿನ ಒತ್ತಡ' ಅಂತ ಬರೆದಿದ್ದೀರಿ. ಅದೇ ಪುಟದಲ್ಲಿ ಅವನು ದಿನಾ ಸಂಜೆ ಒಂದೂವರೆ ಗಂಟೆ ಜಿಮ್‌ಗೆ ಹೋಗುತ್ತಾನೆ ಅಂತಲೂ ಇದೆ. ಮೈ ಬೆಳೆಸಲು ಪುರುಸೊತ್ತಿರುವವನಿಗೆ ಈರುಳ್ಳಿ ಹೆಚ್ಚಲು ಯಾಕಿಲ್ಲ? ಈ ಅಂಕಣ ಓದುವವರಿಗೆ ಬೆಳಗಿನ ತಿಂಡಿಯ ಮೇಲೆ ನನಗಿರುವ ತಕರಾರು ಹೊಸದಲ್ಲ. ನಮ್ಮ ಹೆಂಗಸರ ಅರ್ಧ ಆಯಸ್ಸು ತಿಂದಿರುವುದು ಅದೇ ಅಂತ ಹತ್ತು ಸಲವಾದರೂ ಬರೆದಿದ್ದೇನೆ, ಬೈಸಿಕೊಂಡಿದ್ದೇನೆ. ಆದರೆ ತುಮಕೂರಿನಲ್ಲಿ ಕೂತು ತಿಂಡಿಗೆ ಏನು ಮಾಡೋದು ಅಂತ ಕೇಳುವ ಹುಡುಗನನ್ನು ನಾನು ಇದೇ ಮೊದಲು ನೋಡಿದ್ದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಬೆಂಗಳೂರಿಂದ ಗಾಡಿ ಮಾಡಿಕೊಂಡು ಬರುತ್ತಾರಪ್ಪ!

ಹಾಗಾಗಿ ಎಸ್. ಅವರೇ, ಯಾರನ್ನೂ ಒಪ್ಪಿಸಲು ಹೋಗಬೇಡಿ. ಸಭೆ ಬೇಡ, ಜಗಳವೂ ಬೇಡ. ಒಂದೇ ಕೆಲಸ ಹೇಳುತ್ತೇನೆ. ಇದನ್ನು ಓದಿದ ದಿನ ಸಂಜೆ ಹಿಟ್ಟು ರುಬ್ಬಬೇಡಿ. ಆ ಹೊತ್ತಿಗೆ, ಜ್ವರದ ದಿನ ಎಲ್ಲರಿಗಿಂತ ಮೊದಲು ಫೋನ್ ಮಾಡಿದ್ದರಲ್ಲ, ಅವರಿಗೆ ಫೋನ್ ಮಾಡಿ, 'ನಾಳೆ ಆರಕ್ಕೆ ಬಂದು ಹೆಸರು ಕೊಡ್ತೀನಿ' ಅನ್ನಿ. ಅಡುಗೆಮನೆಯಿಂದ ಮಾತಾಡಬೇಡಿ, ಎಲ್ಲರೂ ಟಿವಿ ನೋಡುತ್ತಿರುವ ಹಾಲ್‌ನಲ್ಲಿ ನಿಂತು ಮಾತಾಡಿ.