ಆಪ್ತಸಲಹೆ ಪ್ರಕರಣ: ಬೈಯುತ್ತಲೇ ಆಡುತ್ತಿದ್ದ ಅಣ್ಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ.)

ಮೂವತ್ತೈದರ ಆಸುಪಾಸಿನ ಈ ವ್ಯಕ್ತಿ ಬಂದದ್ದು ಹೆಂಡತಿಯ ಒತ್ತಾಯಕ್ಕೆ. ಚಿಕ್ಕಂದಿನಿಂದ ಕನ್ಸೋಲ್‌ನಲ್ಲಿ, ಅಂದರೆ ಟಿವಿಗೆ ಜೋಡಿಸುವ ಆಟದ ಯಂತ್ರದಲ್ಲಿ, ವಿಡಿಯೊ ಗೇಮ್ ಆಡಿಕೊಂಡು ಬೆಳೆದವರು. ಕೂತ ತಕ್ಷಣ ಕೇಳಿದರು: "ಮೇಡಂ, ನಂಗೆ ಗೇಮ್ ಚಟ ಹಿಡಿದಿದೆಯಾ ಇಲ್ವಾ, ಅಷ್ಟು ಹೇಳಿಬಿಡಿ."

ಅದಕ್ಕೆ ಉತ್ತರ ಕೊಡುವುದು ಕಷ್ಟವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ವರ್ಗೀಕರಣ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಎಂಬ ಹೆಸರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು: ಈ ಮೂರೂ ಸೇರಿ ಬದುಕಿಗೆ ಗಂಭೀರ ಪೆಟ್ಟು ಕೊಡುತ್ತಿರಬೇಕು, ಸಾಮಾನ್ಯವಾಗಿ 12 ತಿಂಗಳಾದರೂ ಹಾಗೆ ನಡೆದಿರಬೇಕು. ಇವರ ಕೆಲಸ, ನಿದ್ದೆ, ಹಣಕಾಸು ನೆಟ್ಟಗಿದ್ದವು. ಚಟವಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಹಾಗಾದ್ರೆ ದಿನಾ ಸಂಜೆ ಯಾಕೆ ಇಷ್ಟು ಸಿಟ್ಟು ಬರುತ್ತೆ?"

ಸಿಟ್ಟು ಯಾವುದರ ಮೇಲೆ ಎಂದು ಕೇಳಿದೆ. ಆ ದಿನದ ಸಮಯವೆಲ್ಲ ಅದಕ್ಕೇ ಹೋಯಿತು. ಬೇಸರದಿಂದ ಕೇಳಿಸಿಕೊಂಡೆನೆಂದಲ್ಲ, ಅವರ ಮಾತಿನಲ್ಲಿ ತೂಕವಿತ್ತು.

ಕೊಂಡ ಆಟ ಕೊಂಡವನ ಕೈಯಲ್ಲಿ ಉಳಿಯುತ್ತಿಲ್ಲ ಎಂಬುದು ಅವರ ಮೊದಲ ದೂರು. 2014ರಲ್ಲಿ ಬಂದ 'ದಿ ಕ್ರ್ಯೂ' ಎಂಬ ಕಾರ್ ರೇಸ್ ಆಟದ ಸರ್ವರ್‌ಗಳನ್ನು (ನೆಟ್ ಮೂಲಕ ಆಟ ನಡೆಸುವ ಕಂಪನಿಯ ಕಂಪ್ಯೂಟರ್‌ಗಳನ್ನು) 2024ರ ಮಾರ್ಚ್ 31ರಂದು ನಿಲ್ಲಿಸಿದರು. ಒಬ್ಬನೇ ಕೂತು ಆಡುವುದಕ್ಕೂ ಸರ್ವರ್ ಬೇಕಿದ್ದರಿಂದ, ಡಿಸ್ಕ್ ಇಟ್ಟುಕೊಂಡವರಿಗೂ ಆಟ ಇಲ್ಲವಾಯಿತು. ಅದೇ ವರ್ಷ ಬಂದ ಪ್ಲೇಸ್ಟೇಷನ್ 5 ಪ್ರೋ ಕನ್ಸೋಲ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ, ಬೇಕೆಂದರೆ ಡಿಸ್ಕ್ ಡ್ರೈವ್ ಅನ್ನು ಪ್ರತ್ಯೇಕವಾಗಿ ಕೊಳ್ಳಬೇಕು. 2025ರ ನಿಂಟೆಂಡೊ ಸ್ವಿಚ್ 2 ಕನ್ಸೋಲ್‌ಗೆ ಬರುವ ಕೆಲವು ಗೇಮ್ ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಕೀ ಮಾತ್ರ ಇರುತ್ತದೆ. "ಬೀಗದ ಕೈ ನಂದು, ಮನೆ ಅವರದ್ದು" ಎಂದರು.

ಎರಡನೆಯ ದೂರು ಲೈವ್ ಸರ್ವಿಸ್ ಆಟಗಳ ಬಗ್ಗೆ. ಮುಗಿಯದ ಆಟಗಳಿವು. ಸೀಸನ್ ಎಂಬ ಹೊಸ ಕಂತುಗಳು ಒಂದರ ಮೇಲೊಂದು, ಪ್ರತಿ ಸೀಸನ್ನಿಗೂ ಒಂದು ಬ್ಯಾಟಲ್ ಪಾಸ್, ಅಂದರೆ ದುಡ್ಡು ಕೊಟ್ಟು ಕೊಂಡು ಆಡುತ್ತಾ ಹಂತಹಂತವಾಗಿ ಬಹುಮಾನ ಗಳಿಸುವ ಚೀಟಿ. ದೊಡ್ಡ ಕಂಪನಿಗಳೆಲ್ಲ ಇದರ ಹಿಂದೆ ಬಿದ್ದು, ಕಥೆ ಹೇಳಿ ಮುಗಿಸುವ ಆಟಗಳನ್ನು ಕಡೆಗಣಿಸುತ್ತಿವೆ ಎಂಬುದು ಅವರ ಆಕ್ಷೇಪ. ಬೆಲೆ ಏರಿಕೆ, ಹಳೆಯ ಆಟಗಳ ರೀಮೇಕ್, ಅರೆಬೆಂದ ಆಟ ಬಿಡುಗಡೆ ಮಾಡಿ ಆಮೇಲೆ ದೋಷ ಸರಿಪಡಿಸುವ ಪ್ಯಾಚ್ ಹಾಕುವುದು, ಇವೆಲ್ಲವೂ ಬಂದವು. ಅವನ್ನು ಇಲ್ಲಿ ಹಿಗ್ಗಿಸುವುದಿಲ್ಲ.

ಸಹೋದ್ಯೋಗಿ ಸಲಹೆಗಾರರಿಗೆ ಒಂದು ಮಾತು. "ಆಟ ತಾನೇ, ಅದಕ್ಕೇಕೆ ಇಷ್ಟು ತಲೆಬಿಸಿ" ಎಂಬ ಧೋರಣೆ ನಮ್ಮ ಮುಖದಲ್ಲಿ ಕಂಡರೂ ಸಾಕು, ಇಂಥವರು ಮತ್ತೆ ಬಾಯಿ ಬಿಡುವುದಿಲ್ಲ. ಅಭಿಪ್ರಾಯವನ್ನೆಲ್ಲ ರೋಗಲಕ್ಷಣ ಎಂದು ಓದಲು ಹೊರಡುವುದೂ ತಪ್ಪು. ಯಾವುದೋ ಬಾಲ್ಯದ ನೋವು ಹೀಗೆ ಹೊರಬರುತ್ತಿದೆ ಎಂದು ಊಹಿಸುವ ಮೊದಲು, ಹೇಳುತ್ತಿರುವುದು ನಿಜವೇ ಎಂದು ನೋಡಬೇಕು. ಇವರು ಹೇಳಿದ್ದರಲ್ಲಿ ಬಹುಪಾಲು ನಿಜ. ಆಟಗಳನ್ನು ಹೀಗೆ ಕೊಲ್ಲಬೇಡಿ ಎಂಬ ಯುರೋಪಿನ ನಾಗರಿಕ ಮನವಿಗೆ 2025ರಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಡಿಜಿಟಲ್ ಆಟ ಕೊಳ್ಳುವಾಗ ನಿಮಗೆ ಸಿಗುತ್ತಿರುವುದು ಲೈಸೆನ್ಸ್ ಮಾತ್ರ ಎಂದು ಗ್ರಾಹಕರಿಗೆ ತಿಳಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿದೆ. ಇವನ್ನು ಅವರ ಮುಂದೆ ಹೇಳಿದೆ. ನಿಮ್ಮ ಸಿಟ್ಟಿಗೆ ಕಾರಣವಿದೆ ಎಂದು ಒಬ್ಬರಾದರೂ ಹೇಳಬೇಕಿತ್ತು.

ಹಾಗಿದ್ದರೆ ತೊಡಕು ಎಲ್ಲಿತ್ತು?

ಹೆಂಡತಿಯನ್ನು ಒಮ್ಮೆ ಬೇರೆಯಾಗಿ ಭೇಟಿಯಾದೆ. "ಅವರು ಆಡೋದು ನಂಗೇನೂ ತೊಂದರೆ ಇಲ್ಲ ಮೇಡಂ. ಆಡಿ ಮುಗಿಸಿ ಖುಷಿಯಾಗಿ ಎದ್ದಿದ್ದನ್ನ ನೋಡಿಲ್ಲ, ಅದು ತೊಂದರೆ." ಊಟಕ್ಕೆ ಕೂತಾಗ ಮಾತು ಗೇಮ್ ಕಂಪನಿಗಳಿಂದ ಶುರುವಾಗಿ ಮೈದುನನ ಮೇಲೆ ತಿರುಗುತ್ತದಂತೆ. ಅದೇ ಮನೆಯಲ್ಲಿರುವ ತಮ್ಮ ಗೆಳೆಯರೊಂದಿಗೆ ಆನ್‌ಲೈನ್ ಆಡುವವನು, ಅಣ್ಣ ಬೈಯುವ ಬಗೆಯ ಆಟಗಳನ್ನೇ. ಅವನಂಥವರು ದುಡ್ಡು ಸುರಿಯುವುದರಿಂದಲೇ ಆಟಗಳು ಹೀಗಾಗಿವೆ ಎಂದು ಅಣ್ಣನ ವಾದ.

2024ರ ಆಗಸ್ಟ್ 23ರಂದು ಬಿಡುಗಡೆಯಾದ ಸೋನಿಯ 'ಕಾನ್‌ಕಾರ್ಡ್' ಎಂಬ ಲೈವ್ ಸರ್ವಿಸ್ ಆಟ ಸೆಪ್ಟೆಂಬರ್ 6ಕ್ಕೇ ಮುಚ್ಚಿಹೋಗಿ, ಕೊಂಡವರಿಗೆ ಹಣ ವಾಪಸಾಯಿತು. ಅಣ್ಣ ಅಂದು ಹಬ್ಬ ಮಾಡಿದರು. "ಅಣ್ಣಾ, ವರ್ಷಗಟ್ಟಲೆ ಕೂತು ಮಾಡಿದವರ ಕೆಲಸ ಹೋಗುತ್ತೆ, ಅದರಲ್ಲಿ ಏನು ಖುಷಿ?" ಎಂದ ತಮ್ಮ. ಅಕ್ಟೋಬರ್‌ನಲ್ಲಿ ಆ ಸ್ಟುಡಿಯೊ ಮುಚ್ಚಿತು ಕೂಡ. ಆಮೇಲೆ ತಮ್ಮ ಊಟದ ತಟ್ಟೆ ಹಿಡಿದು ತನ್ನ ಕೋಣೆಗೆ ಹೋಗತೊಡಗಿದ.

ಮುಂದಿನ ಭೇಟಿಯಲ್ಲಿ ನಾನು ಕೇಳಿದ್ದು ಸರಳ ಪ್ರಶ್ನೆ: ಕಳೆದ ವಾರ ಯಾವ ದಿನ ಏನು ಆಡಿದಿರಿ? ನೆನಪಿನಿಂದ ಬೇಡ, ಕನ್ಸೋಲ್ ತೋರಿಸುವ ಲೆಕ್ಕ ನೋಡಿ ಹೇಳಿ ಎಂದೆ. ಸಂಕೋಚದಿಂದಲೇ ಹೇಳಿದರು. ಆಟದ ಸಮಯದ ಬಹುಪಾಲು ಒಂದೇ ಲೈವ್ ಸರ್ವಿಸ್ ಆಟಕ್ಕೆ ಹೋಗಿತ್ತು. ಊಟದ ಹೊತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೈಗುಳ ತಿನ್ನುತ್ತಿದ್ದ ಆಟವೇ ಅದು. ಪ್ರತಿ ಸೀಸನ್ನಿನ ಪಾಸ್ ಕೊಂಡಿದ್ದರು. ಒಂದು ಸಣ್ಣ ಸ್ಟುಡಿಯೊ ಮಾಡಿದ 'ಕ್ಲೇರ್ ಒಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33' ಎಂಬ 2025ರ ಆಟವನ್ನು, ಆಟ ಎಂದರೆ ಹೀಗಿರಬೇಕು ಎಂದು ಎಲ್ಲರೆದುರು ಹೊಗಳುತ್ತಿದ್ದವರು ಅದನ್ನು ಕೊಂಡು ತೆರೆದೇ ಇರಲಿಲ್ಲ. "ಈ ಸೀಸನ್ ಮುಗೀಲಿ ಅಂತ ಕಾಯ್ತಿದ್ದೆ." ಒಂದು ಮುಗಿದರೆ ಇನ್ನೊಂದು ಬರುತ್ತದಲ್ಲ ಎಂದೆ. ಹೌದೆಂದರು.

ಇದನ್ನು ಆಷಾಢಭೂತಿತನ ಎನ್ನಲು ನಾನು ಒಪ್ಪುವುದಿಲ್ಲ. ಬ್ಯಾಟಲ್ ಪಾಸ್ ಕೆಲಸ ಮಾಡುವ ಬಗೆಯೇ ಹಾಗಿದೆ. ಆಟದೊಳಗೆ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿ ಏನು ಬರುತ್ತದೋ ಗೊತ್ತಿಲ್ಲದ ಲಾಟರಿಯ ಸೆಳೆತವಿದೆ. ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಅಂಥ ಕೆಲವನ್ನು ಜೂಜೆಂದು ತೀರ್ಮಾನಿಸಿತು. ಪಾಸ್‌ನಲ್ಲಿ ಲಾಟರಿ ಇಲ್ಲ, ಏನು ಸಿಗುತ್ತದೆಂದು ಮೊದಲೇ ತೋರಿಸುತ್ತಾರೆ. ಹಿಡಿದಿಡುವುದು ಬೇರೆಯೇ. ಮೊದಲು ದುಡ್ಡು ಕೊಡುತ್ತೀರಿ, ಆಮೇಲೆ ಆ ದುಡ್ಡಿನ ಬೆಲೆಯನ್ನು ದಿನದಿನವೂ ಆಡಿ ವಸೂಲು ಮಾಡಬೇಕು, ಕೊನೆಯ ದಿನಾಂಕ ಕಣ್ಣ ಮುಂದೆ ಓಡುತ್ತಿರುತ್ತದೆ. ಆಡದ ದಿನ ಏನೋ ಕಳೆದುಕೊಂಡ ಹಾಗೆ. ಸಿಗುವ ಸಂತೋಷಕ್ಕಿಂತ ತಪ್ಪಿಹೋಗುವ ನಷ್ಟ ಮನಸ್ಸಿಗೆ ದೊಡ್ಡದಾಗಿ ಕಾಣುತ್ತದೆ. ಅದು ಎಲ್ಲರಲ್ಲೂ ಇರುವ ಸ್ವಭಾವ. ಮುಕ್ಕಾಲು ಮೆಟ್ಟಿಲು ಹತ್ತಿದವನಿಗೆ ಇಳಿಯಲು ಮನಸ್ಸಾಗದು. ಹೀಗೆ ಆಟ ದಿನಗೂಲಿಯಾಗುತ್ತದೆ, ಸಿಟ್ಟು ಬರದೆ ಇನ್ನೇನು ಬಂದೀತು?

ಆ ಗಡುವು ಇರಲೇಬೇಕೆಂದೇನೂ ಇಲ್ಲ. 2021ರ 'ಹೇಲೋ ಇನ್ಫಿನಿಟ್'ನ ಪಾಸ್‌ಗಳಿಗೆ ಕೊನೆಯ ದಿನವಿರಲಿಲ್ಲ, 2024ರ 'ಹೆಲ್‌ಡೈವರ್ಸ್ 2' ಕೂಡ ಅದೇ ದಾರಿ ಹಿಡಿಯಿತು. ಗಡುವು ಇಡುವುದು ಮಾಡಿದವರ ಆಯ್ಕೆ. ಈ ಮಾತು ಅವರಿಗೆ ನಾಟಿತು. ತಮ್ಮ ಅಭಿಪ್ರಾಯಕ್ಕೆ ತಮ್ಮದೇ ಸಂಜೆಗಳು ಸಾಕ್ಷಿ ಎಂದು ಅವರು ಯೋಚಿಸಿರಲಿಲ್ಲ.

ಸಲಹೆಗಳಿಗೆ ಬರುತ್ತೇನೆ. ಆಟ ಬಿಡಿ ಎಂದು ಹೇಳಲಿಲ್ಲ, ಹೇಳುವ ಕಾರಣವೂ ಇರಲಿಲ್ಲ.

ಸೀಸನ್ ಶುರುವಿನಲ್ಲಿ ಪಾಸ್ ಕೊಳ್ಳಬೇಡಿ, ಕೊಳ್ಳಲೇಬೇಕೆನಿಸಿದರೆ ಕೊನೆಯ ವಾರದಲ್ಲಿ ಕೊಳ್ಳಿ ಎಂದೆ. ಇಂಥ ಹಲವು ಆಟಗಳಲ್ಲಿ ತಡವಾಗಿ ಕೊಂಡರೂ ಅಲ್ಲಿಯವರೆಗೆ ಆಡಿ ತಲುಪಿದ ಹಂತದ ಬಹುಮಾನಗಳೆಲ್ಲ ಒಟ್ಟಿಗೆ ಸಿಗುತ್ತವೆ. ಮೊದಲು ಕೊಟ್ಟ ದುಡ್ಡಿನ ಹಂಗಿಲ್ಲದಿದ್ದರೆ, ಆಡಬೇಕೆನಿಸಿದ ದಿನ ಮಾತ್ರ ಆಡುತ್ತೀರಿ. ಆಗಲೂ ಎಷ್ಟು ಆಡುತ್ತೀರೆಂದು ನೋಡಿದರೆ ಆ ಆಟ ನಿಮಗೆ ನಿಜಕ್ಕೂ ಇಷ್ಟವೋ ಅಲ್ಲವೋ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸಲಹೆ ಇದು.

ಕನ್ಸೋಲ್‌ನಲ್ಲಿ ಉಳಿಸಿಟ್ಟ ಕಾರ್ಡ್ ವಿವರ ತೆಗೆಯುವುದು, ಖರೀದಿಗೆ ಪ್ರತಿ ಸಲ ಪಾಸ್‌ವರ್ಡ್ ಕೇಳುವಂತೆ ಮಾಡುವುದು, ಚಂದಾ ತಾನಾಗಿ ನವೀಕರಣವಾಗುವುದನ್ನು ನಿಲ್ಲಿಸುವುದು, ಆ ಆಟದ ನೋಟಿಫಿಕೇಶನ್ ಮುಚ್ಚುವುದು. ಇವೆಲ್ಲ ಒಂದು ಸಂಜೆಯ ಕೆಲಸ. ಕೈ ಮುಂದಾಗುವುದಕ್ಕೂ ದುಡ್ಡು ಹೋಗುವುದಕ್ಕೂ ನಡುವೆ ಅರ್ಧ ನಿಮಿಷ ಸಿಕ್ಕರೂ ಮನಸ್ಸಿಗೆ ಯೋಚಿಸಲು ಎಡೆಯಾಗುತ್ತದೆ.

ಡಿಸ್ಕ್ ವಿಷಯದಲ್ಲಿ, ಕೊರಗುವ ಬದಲು ನಿಮ್ಮ ನಿಲುವಿನಂತೆ ನಡೆಯಿರಿ ಎಂದೆ. ಜೀವಮಾನಕ್ಕೆ ಬೇಕೆನಿಸುವ ಆಟವನ್ನು ಡಿಸ್ಕ್ ರೂಪದಲ್ಲೇ ಕೊಳ್ಳಲಿ, ನೆಟ್ ಇಲ್ಲದೆ ಪೂರ್ತಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಲಿ. ಒಮ್ಮೆ ಆಡಿ ಬಿಡುವಂಥದ್ದನ್ನು ಬಾಡಿಗೆ ಎಂದುಕೊಂಡೇ ಡೌನ್‌ಲೋಡ್ ಮಾಡಲಿ.

ತಮ್ಮನ ವಿಷಯಕ್ಕೆ ಹೆಚ್ಚು ಸಮಯ ಹಿಡಿಯಿತು. ಕಂಪನಿಗಳು ಮಾಡಿದ್ದಕ್ಕೆ ಮನೆಯ ಹುಡುಗನಿಂದ ಉತ್ತರ ಕೇಳುವುದು ನ್ಯಾಯವಲ್ಲ ಎಂದು ನೇರವಾಗಿ ಹೇಳಿದೆ. ಅವನಿಗೆ ಆ ಆಟ ಗೆಳೆಯರು ಸೇರುವ ಜಾಗ. ಅದರಲ್ಲಿ ಸಿಗುವ ಸ್ಕಿನ್ (ಪಾತ್ರಕ್ಕೆ ತೊಡಿಸುವ ವೇಷ) ಅವನಿಗೆ ಮುಖ್ಯವೋ, ಗೆಳೆಯರ ಮಾತು ಮುಖ್ಯವೋ? ನೀವೇ ಕೇಳಿದ್ದೀರಾ? ಕೇಳಿರಲಿಲ್ಲ. ಒಂದು ಸಂಜೆ ತಮ್ಮನ ತಂಡದಲ್ಲಿ ಅತಿಥಿಯಾಗಿ ಆಡಿ, ಆ ದಿನ ಟೀಕೆ ಬೇಡ ಎಂದು ಸೂಚಿಸಿದೆ. ಅದಕ್ಕೆ ಪ್ರತಿಯಾಗಿ ತಮ್ಮ ನಿಮಗಿಷ್ಟದ ಆಟಕ್ಕೆ ಬರಲಿ. "ಈಗ ಇಬ್ಬರು ಪಕ್ಕದಲ್ಲಿ ಕೂತು ಆಡೋ ಆಟ ಯಾರು ಮಾಡ್ತಾರೆ ಮೇಡಂ?" ಎಂದರು. ಇಲ್ಲಿ ಅವರ ಅಭಿಪ್ರಾಯ ವಾಸ್ತವಕ್ಕಿಂತ ಮುಂದೆ ಹೋಗಿತ್ತು. 2021ರಲ್ಲಿ ವರ್ಷದ ಆಟ ಪ್ರಶಸ್ತಿ ಗೆದ್ದ 'ಇಟ್ ಟೇಕ್ಸ್ ಟೂ' ಇಬ್ಬರಿಲ್ಲದೆ ನಡೆಯುವುದೇ ಇಲ್ಲ. ಅದೇ ಸ್ಟುಡಿಯೊದ 'ಸ್ಪ್ಲಿಟ್ ಫಿಕ್ಷನ್' 2025ರಲ್ಲಿ ಬಂತು, ಅದೂ ಪರದೆ ಹಂಚಿಕೊಂಡು ಇಬ್ಬರು ಆಡುವುದು. ಇವುಗಳ ಬಗ್ಗೆ ಅವರಿಗೆ ಗೊತ್ತಿತ್ತು. ಜೊತೆಗೆ ಆಡುವವರಿಲ್ಲ ಎಂದು ಕೊಂಡಿರಲಿಲ್ಲ.

ಬರೆಯುವ ಅಭ್ಯಾಸವನ್ನೂ ಹೇಳಿದೆ. ದಿನದ ಸಿಟ್ಟನ್ನು ಊಟಕ್ಕೆ ತರುವ ಬದಲು ವಾರಕ್ಕೊಮ್ಮೆ ಕೂತು, ಆಡಿ ಮುಗಿಸಿದ ಒಂದು ಆಟದ ಬಗ್ಗೆ ಬರೆಯಬೇಕು. ಏನು ಹಿಡಿಸಲಿಲ್ಲ ಎಂಬುದರ ಜೊತೆ, ಯಾವ ಗಳಿಗೆಯಲ್ಲಿ ಖುಷಿಯಾಯಿತು ಎಂಬುದೂ ಇರಬೇಕು. ಆಡದ ಆಟದ ಬಗ್ಗೆ ಬರೆಯುವಂತಿಲ್ಲ.

ಈಗಿನ ಸ್ಥಿತಿ ಹೀಗಿದೆ. ಒಂದು ಸೀಸನ್ ಪಾಸ್ ಇಲ್ಲದೆ ಕಳೆದರು. ಮೊದಲ ದಿನಗಳಲ್ಲಿ ಚಡಪಡಿಕೆ ಇತ್ತು, ಹೆಂಡತಿಯ ಮೇಲೂ ರೇಗಿದರಂತೆ. ನಂತರದ ಸೀಸನ್ನಿನಲ್ಲಿ ಕೊನೆಯ ವಾರ ಪಾಸ್ ಕೊಂಡರು. ಅದನ್ನು ಸೋಲೆಂದು ನಾನು ಎಣಿಸಲಿಲ್ಲ, ಯೋಚಿಸಿ ಕೊಂಡಿದ್ದರು. 'ಎಕ್ಸ್‌ಪೆಡಿಷನ್ 33' ಮುಗಿಸಿ ಉದ್ದಕ್ಕೆ ಬರೆದಿದ್ದಾರೆ, ನನಗೂ ಓದಲು ಕೊಟ್ಟರು, ಚೆನ್ನಾಗಿದೆ. 'ಸ್ಪ್ಲಿಟ್ ಫಿಕ್ಷನ್' ಅಣ್ಣತಮ್ಮಂದಿರು ಶುರುಮಾಡಿದ್ದಾರೆ. ತಮ್ಮನ ಗೆಳೆಯರ ತಂಡದಲ್ಲಿ ಅಣ್ಣ ಆಡಿದ್ದು ಅಷ್ಟು ಸರಿಹೋಗಲಿಲ್ಲ, ಮತ್ತೆ ಹೋಗಿಲ್ಲ. ಡಿಸ್ಕ್ ಬೇಕೋ ಬೇಡವೋ ಎಂಬ ವಾದ ಮನೆಯಲ್ಲಿ ಇನ್ನೂ ನಡೆಯುತ್ತದೆ, ಈಗ ತಮ್ಮ ತಟ್ಟೆ ಎತ್ತಿಕೊಂಡು ಹೋಗದೆ ಎದುರುವಾದ ಮಾಡುತ್ತಾನೆ.

ನಿದ್ದೆ ತಪ್ಪಿದರೆ, ಇಲ್ಲವೇ ಖರ್ಚನ್ನು ಹೆಂಡತಿಯಿಂದ ಮುಚ್ಚಿಡಬೇಕೆನಿಸಿದರೆ ಕಾಯದೆ ಬನ್ನಿ ಎಂದು ಹೇಳಿದ್ದೇನೆ. ಹೊಸ ಸೀಸನ್ ಶುರುವಾಗುವ ವಾರ ಫೋನ್ ಮಾಡುತ್ತೇನೆಂದು ಅವರೇ ಒಪ್ಪಿಕೊಂಡಿದ್ದಾರೆ.